ಸರ್ ರೊನಾಲ್ಡ್ ರಾಸ್: ಉಲ್ಲೇಖಗಳ ಲೆಕ್ಕಕ್ಕೆ ಸಿಗದ ವೈದ್ಯ

ಪ್ರತಿ ವರ್ಷ ಆಗಸ್ಟ್ 20ರಂದು ವಿಶ್ವ ಸೊಳ್ಳೆ ದಿನವನ್ನು ಆಚರಿಸಲಾಗುತ್ತದೆ. 1897ರ ಅದೇ ದಿನ ಸಿಕಂದರಾಬಾದಿನ ಸಣ್ಣ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಡಾ. ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಬೆಳೆಯುತ್ತಿರುವುದನ್ನು ಕಂಡರು. ಮಲೇರಿಯಾದ ಕಷ್ಟವನ್ನು ಅನುಭವಿಸಿ ತಿಳಿದಿರುವ ನಮ್ಮ ಕರಾವಳಿಯ ಜನರಿಗೆ ರಾಸ್ ಅವರ ಹೆಸರು ಶಾಲೆಯ ಪಾಠದಿಂದಲೇ ಪರಿಚಿತ. ಆದರೆ ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ದುಡಿಮೆಗಾಗಿ ನಮ್ಮೂರಿಗೆ ಬರುವ ಕಾರ್ಮಿಕರ ಬದುಕಿಗೂ ಇದರೊಂದಿಗೆ ನೇರ ಸಂಬಂಧವಿದೆ. ಇದನ್ನು ತಿಳಿದವರು ಕಡಿಮೆ.

ಇಂದು ವೈದ್ಯಕೀಯ ಸಂಶೋಧಕರ ಯೋಗ್ಯತೆಯನ್ನು ಅಳೆಯಲು ಎರಡು ಲೆಕ್ಕಗಳಿವೆ. ಅವರು ಎಷ್ಟು ಲೇಖನಗಳನ್ನು ಪ್ರಕಟಿಸಿದ್ದಾರೆ ಎಂಬುದು ಒಂದು. ಆ ಲೇಖನಗಳನ್ನು ಇತರ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದು ಇನ್ನೊಂದು. ಬಡ್ತಿ, ಅನುದಾನ, ಪ್ರಶಸ್ತಿ ಎಲ್ಲಕ್ಕೂ ಈ ಅಂಕಿಗಳೇ ಆಧಾರ. ರಾಸ್ ಅವರನ್ನು ಈ ತಕ್ಕಡಿಯಲ್ಲಿಟ್ಟು ತೂಗಿದರೆ ಏನಾಗುತ್ತದೆ? ಅವರ ಬದುಕನ್ನು ಈ ಪ್ರಶ್ನೆಯೊಂದಿಗೆ ನೋಡುವುದು ವೈದ್ಯಕೀಯ ವಿದ್ಯಾರ್ಥಿಗಳಿಗೂ ನಮ್ಮೆಲ್ಲರಿಗೂ ಉಪಯುಕ್ತ.

ಮನಸ್ಸಿಲ್ಲದೆ ವೈದ್ಯರಾದವರು

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ. ತಂದೆ ಬ್ರಿಟಿಷ್ ಭಾರತದ ಸೇನೆಯಲ್ಲಿ ಅಧಿಕಾರಿ. ಬಾಲಕ ರಾಸ್‌ಗೆ ಕವಿತೆ, ಸಂಗೀತ, ಚಿತ್ರಕಲೆ, ಗಣಿತ ಎಂದರೆ ಪ್ರಾಣ. ವೈದ್ಯನಾಗುವ ಆಸೆ ಇರಲಿಲ್ಲ. ಆದರೂ ತಂದೆಯ ಮಾತಿಗೆ ಮಣಿದು ಲಂಡನ್ನಿನ ಸಂತ ಬಾರ್ತಲೋಮಿಯೋ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. ಓದಿನಲ್ಲಿ ಹೇಳಿಕೊಳ್ಳುವಂಥ ಸಾಧನೆ ಮಾಡಲಿಲ್ಲ. ಕೆಲಕಾಲ ಹಡಗಿನ ವೈದ್ಯರಾಗಿ ದುಡಿದು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು.

ಆ ದಿನಗಳಲ್ಲಿ ಸೇನೆಯ ವೈದ್ಯರಿಗೆ ಬಿಡುವು ಸಾಕಷ್ಟಿತ್ತು. ರಾಸ್ ಅದನ್ನು ಗಣಿತ ಕಲಿಯಲು ಮತ್ತು ಸಾಹಿತ್ಯ ರಚಿಸಲು ಬಳಸಿದರು. 1889ರಲ್ಲಿ ಅವರ ಒಂದು ಕಾದಂಬರಿಯೂ ಹೊರಬಂತು. ಅಂದರೆ ವೈದ್ಯಕೀಯ ಸಂಶೋಧಕರಾಗಿ ಹೆಸರು ಮಾಡುವ ಮೊದಲೇ ಅವರು ಕಾದಂಬರಿಕಾರರಾಗಿದ್ದರು.

ಬೆಂಗಳೂರಿನ ನೀರಿನ ಪೀಪಾಯಿ

1883ರಲ್ಲಿ ರಾಸ್ ಅವರನ್ನು ಬೆಂಗಳೂರಿನ ದಂಡು ಪ್ರದೇಶದ ವೈದ್ಯರಾಗಿ ನೇಮಿಸಲಾಯಿತು. ಬಂಗಲೆ ಚೆನ್ನಾಗಿತ್ತು, ಹವೆ ಹಿತವಾಗಿತ್ತು, ಆದರೆ ಸೊಳ್ಳೆಗಳ ಕಾಟ ವಿಪರೀತ. ತಮ್ಮ ಕೋಣೆಯಲ್ಲೇ ಇಷ್ಟು ಸೊಳ್ಳೆಗಳೇಕೆ ಎಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ಕುಣಿಯುತ್ತಿರುವುದು ಕಂಡಿತು. ನೀರನ್ನು ಚೆಲ್ಲಿಸಿದರು. ಸೊಳ್ಳೆಗಳು ಕಡಿಮೆಯಾದವು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹೀಗೆಯೇ ಮಾಡೋಣವೆಂದು ಸೂಚಿಸಿದಾಗ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಪ್ರತಿಯೊಂದಕ್ಕೂ ಒಂದು ಉದ್ದೇಶವಿದೆ, ಅದನ್ನು ಕೆಡಿಸಬಾರದು ಎಂಬುದು ಆತನ ವಾದವಾಗಿತ್ತು.

ಆಗ ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧವಿದೆಯೆಂದು ರಾಸ್‌ಗೆ ತಿಳಿದಿರಲಿಲ್ಲ. ಮಲೇರಿಯಾ ಎಂಬ ಇಟಾಲಿಯನ್ ಪದದ ಅರ್ಥವೇ ಕೆಟ್ಟ ಗಾಳಿ. ಜೌಗು ಭೂಮಿಯಿಂದ ಏಳುವ ವಿಷಗಾಳಿಯಿಂದ ಜ್ವರ ಬರುತ್ತದೆಂದು ಶತಮಾನಗಳಿಂದ ನಂಬಲಾಗಿತ್ತು. ಔಷಧ ಮಾತ್ರ ಮೊದಲೇ ಸಿಕ್ಕಿತ್ತು. 17ನೇ ಶತಮಾನದಲ್ಲಿ ದಕ್ಷಿಣ ಅಮೆರಿಕದಿಂದ ಸಿಂಕೋನ ಮರದ ತೊಗಟೆಯನ್ನು ಯುರೋಪಿಗೆ ತಂದು ಹರಡಿದವರಲ್ಲಿ ಯೇಸುಸಭೆಯ ಗುರುಗಳು ಪ್ರಮುಖರು. ಹಾಗಾಗಿಯೇ ಅದಕ್ಕೆ ಜೆಸ್ವಿತರ ತೊಗಟೆ ಎಂಬ ಹೆಸರು ಬಂದಿತ್ತು. ಅದರಿಂದಲೇ ಮುಂದೆ ಕ್ವಿನೈನ್ ತಯಾರಾಯಿತು. ಮದ್ದು ಗೊತ್ತಿದ್ದರೂ ರೋಗ ಹರಡುವ ದಾರಿ ಗೊತ್ತಿರಲಿಲ್ಲ.

ತಪ್ಪು ದಾರಿಯ ಲೇಖನಗಳು

1880ರಲ್ಲಿ ಅಲ್ಜೀರಿಯಾದಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಅವರು ರೋಗಿಗಳ ರಕ್ತದಲ್ಲಿ ಮಲೇರಿಯಾ ರೋಗಾಣುವನ್ನು ಕಂಡಿದ್ದರು. ರಾಸ್ ಮಾತ್ರ ಅದನ್ನು ನಂಬಲಿಲ್ಲ. 1890ರ ದಶಕದ ಆರಂಭದಲ್ಲಿ ಅವರು ಬರೆದ ಲೇಖನಗಳಲ್ಲಿ ಲಾವೆರಾನ್ ಅವರ ಶೋಧನೆಯನ್ನು ಸಂದೇಹಿಸಿ, ಮಲೇರಿಯಾಕ್ಕೆ ಕರುಳಿನಲ್ಲಿ ಹುಟ್ಟುವ ವಿಷವೇ ಕಾರಣವೆಂದು ವಾದಿಸಿದರು. ಇವೂ ಅವರ ಪ್ರಕಟಣೆಗಳ ಪಟ್ಟಿಯಲ್ಲಿವೆ. ಸಂಖ್ಯೆಯನ್ನು ಮಾತ್ರ ಎಣಿಸುವವರಿಗೆ ಸರಿಯಾದ ಲೇಖನವೂ ಒಂದೇ, ತಪ್ಪಾದ ಲೇಖನವೂ ಒಂದೇ.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಡಾ. ಪ್ಯಾಟ್ರಿಕ್ ಮ್ಯಾನ್ಸನ್ ಅವರ ಪರಿಚಯವಾಯಿತು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆಂದು ಚೀನಾದಲ್ಲಿದ್ದಾಗ ಕಂಡುಕೊಂಡವರು ಇವರು. ಮ್ಯಾನ್ಸನ್ ತಮ್ಮ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ರೋಗಾಣುವನ್ನು ತೋರಿಸಿದರು. ರಾಸ್ ತಮ್ಮ ಹಳೆಯ ವಾದವನ್ನು ಬಿಟ್ಟರು. ಮಲೇರಿಯಾದ ಹಿಂದೆಯೂ ಸೊಳ್ಳೆಯ ಕೈವಾಡವಿರಬಹುದೆಂಬ ಮ್ಯಾನ್ಸನ್ ಅವರ ಊಹೆಯನ್ನು ಪರೀಕ್ಷಿಸುವ ಹಟ ತೊಟ್ಟು 1895ರಲ್ಲಿ ಭಾರತಕ್ಕೆ ಮರಳಿದರು. ಅಂದಿನಿಂದ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಹರಿದಾಡಿದವು. ಗ್ರಂಥಾಲಯ ಇಲ್ಲದ, ಜೊತೆಗಾರ ಸಂಶೋಧಕರಿಲ್ಲದ ಊರುಗಳಲ್ಲಿದ್ದ ರಾಸ್‌ಗೆ ಈ ಪತ್ರಗಳೇ ವಿಶ್ವವಿದ್ಯಾನಿಲಯವಾದವು.

ಸಿಕಂದರಾಬಾದಿನ ಸೆಖೆಯಲ್ಲಿ

ರಾಸ್ ಅವರನ್ನು ಕಳುಹಿಸಿದ್ದು ಸಿಕಂದರಾಬಾದಿಗೆ. ಅದು ಹೈದರಾಬಾದ್ ನಿಜಾಮರ ಸಂಸ್ಥಾನದೊಳಗಿನ ಬ್ರಿಟಿಷ್ ದಂಡು ಪ್ರದೇಶ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೂಡ ಆಗ ಅದೇ ಸಂಸ್ಥಾನದಲ್ಲಿದ್ದವು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಅವು ಹೈದರಾಬಾದಿನ ಭಾಗವೇ ಆಗಿದ್ದವು.

ಕೆಲಸ ಶುರುವಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿತು. 1895ರ ಸೆಪ್ಟೆಂಬರಿನಲ್ಲಿ ರಾಸ್ ಅಲ್ಲಿಗೆ ಹೋಗಬೇಕಾಯಿತು. ಸುಮಾರು ಒಂದೂವರೆ ವರ್ಷ ಅಲ್ಲಿನ ಬೀದಿ, ಚರಂಡಿ, ಬಾವಿಗಳ ಶುಚಿತ್ವದ ಕೆಲಸ ನೋಡಿಕೊಂಡರು. ರೋಗವನ್ನು ಆಸ್ಪತ್ರೆಯ ಹಾಸಿಗೆಯ ಬಳಿ ಮಾತ್ರವಲ್ಲ, ಬೀದಿಯಲ್ಲೂ ಎದುರಿಸಬೇಕು ಎಂಬುದನ್ನು ಅವರು ಕಲಿತದ್ದು ಈ ಬೆಂಗಳೂರಿನಲ್ಲೇ. ಅದೇ ಕಾಲದಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಬಡ ರೋಗಿಗಳಿಗೂ ಕುಷ್ಠರೋಗಿಗಳಿಗೂ ಆಸರೆಯಾಗಿ ದುಡಿಯುತ್ತಿದ್ದರು ಎಂಬುದನ್ನು ನಾವಿಲ್ಲಿ ನೆನೆಯಬಹುದು.

1897ರಲ್ಲಿ ಊಟಿಯ ಕೆಳಗಿನ ಸಿಗೂರು ಘಾಟಿಯಲ್ಲಿ ಪರಿಶೀಲನೆ ನಡೆಸುವಾಗ ಸ್ವತಃ ರಾಸ್ ಅವರಿಗೇ ಮಲೇರಿಯಾ ಬಂತು. ಚೇತರಿಸಿಕೊಂಡು ಜೂನ್‌ನಲ್ಲಿ ಸಿಕಂದರಾಬಾದಿಗೆ ಮರಳಿದರು. ಎರಡು ವರ್ಷಗಳಿಂದ ಅವರು ಪರೀಕ್ಷಿಸಿದ್ದ ಸೊಳ್ಳೆಗಳು ಬೇರೆ ಜಾತಿಯವು. ಅವುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಆಗಸ್ಟ್‌ನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಹೊಸ ಬಗೆಯ ಸೊಳ್ಳೆಗಳು ದೊರೆತವು. ಅವು ಅನಾಫಿಲಿಸ್ ಎಂಬುದು ರಾಸ್‌ಗೆ ಗೊತ್ತಿರಲಿಲ್ಲ.

ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಈ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದ. ರಕ್ತ ಹೀರಿದ ಒಂದು ಸೊಳ್ಳೆಗೆ ಒಂದು ಆಣೆ ಕೂಲಿ. ಫಂಕ ಬೀಸಿದರೆ ಸೊಳ್ಳೆಗಳು ಹಾರಿಹೋಗುತ್ತವೆಂದು ರಾಸ್ ಸೆಖೆಯಲ್ಲೇ ಕುಳಿತರು. ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಕಣ್ಣಿಡುವ ಗಾಜು ಬಿರುಕು ಬಿಟ್ಟಿತ್ತು. ಆಗಸ್ಟ್ 20ರ ಮಧ್ಯಾಹ್ನ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮರುದಿನ ಉಳಿದಿದ್ದ ಸೊಳ್ಳೆಯನ್ನು ಸೀಳಿದಾಗ ಅದೇ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಅಂದರೆ ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತಿದೆ.

ಈ ಶೋಧನೆ 1897ರ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಲೇಖನ ಕೇವಲ ಮೂರು ಪುಟದ್ದು. ಆಧಾರ ಬರೀ ಎರಡು ಸೊಳ್ಳೆಗಳು. ಶೀರ್ಷಿಕೆಯಲ್ಲೂ ದೊಡ್ಡ ಮಾತಿಲ್ಲ. ಮಲೇರಿಯಾ ರಕ್ತ ಕುಡಿದ ಎರಡು ಸೊಳ್ಳೆಗಳಲ್ಲಿ ಕಂಡ ವಿಚಿತ್ರ ಕೋಶಗಳ ಬಗ್ಗೆ ಎಂದಷ್ಟೇ ಇತ್ತು.

ಗುಬ್ಬಚ್ಚಿಗಳು ತೋರಿಸಿದ ದಾರಿ

ಇಂಥ ಶೋಧನೆಯ ಬೆನ್ನಲ್ಲೇ ಸರ್ಕಾರ ರಾಸ್ ಅವರನ್ನು ರಾಜಪುತಾನದ ಖೇರ್ವಾಡಕ್ಕೆ ವರ್ಗಾಯಿಸಿತು. ಅಲ್ಲಿ ಸಂಶೋಧನೆಗೆ ಬೇಕಾದ ಮಲೇರಿಯಾ ರೋಗಿಗಳೇ ಇರಲಿಲ್ಲ. ಅಮೂಲ್ಯವಾದ ತಿಂಗಳುಗಳು ವ್ಯರ್ಥವಾದವು. ಮ್ಯಾನ್ಸನ್ ಅವರ ಪ್ರಯತ್ನದ ಫಲವಾಗಿ 1898ರ ಆರಂಭದಲ್ಲಿ ಕಲ್ಕತ್ತದಲ್ಲಿ ಸಂಶೋಧನೆಯ ಅವಕಾಶ ಸಿಕ್ಕಿತು. ಅಲ್ಲಿಯೂ ಮನುಷ್ಯರ ಮೇಲೆ ಪ್ರಯೋಗ ಕಷ್ಟವಾದಾಗ ರಾಸ್ ಹಕ್ಕಿಗಳ ಮಲೇರಿಯಾವನ್ನು ಕೈಗೆತ್ತಿಕೊಂಡರು. 1898ರ ಜುಲೈಯಲ್ಲಿ ರೋಗಾಣುಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರುವುದನ್ನು ಕಂಡರು. ಅಂಥ ಸೊಳ್ಳೆಗಳಿಂದ ಕಚ್ಚಿಸಿದಾಗ ಆರೋಗ್ಯವಂತ ಗುಬ್ಬಚ್ಚಿಗಳಿಗೆ ರೋಗ ಬಂತು. ಸುತ್ತು ಪೂರ್ಣವಾಯಿತು.

ಈ ಕೆಲಸದಲ್ಲಿ ರಾಸ್ ಅವರ ಬಲಗೈಯಾಗಿದ್ದವರು ಮಹಮ್ಮದ್ ಬಕ್ಷ್ ಎಂಬ ಸಹಾಯಕ. ಸೊಳ್ಳೆ ಹಿಡಿಯುವುದು, ಸಾಕುವುದು, ಹಕ್ಕಿಗಳನ್ನು ನೋಡಿಕೊಳ್ಳುವುದು ಎಲ್ಲವೂ ಅವರದೇ. ರಾಸ್ ತಮ್ಮ ಬರಹಗಳಲ್ಲಿ ಅವರನ್ನು ಸ್ಮರಿಸಿದ್ದಾರೆ. ಆದರೆ ಲೇಖಕರ ಸ್ಥಾನದಲ್ಲಿ ಅವರ ಹೆಸರಿಲ್ಲ. ರಕ್ತ ಕೊಟ್ಟ ಹುಸೇನ್ ಖಾನ್‌ಗೂ ಕೆಲವು ಆಣೆಗಳ ಹೊರತು ಏನೂ ಸಿಗಲಿಲ್ಲ. ಪ್ರಕಟಣೆಯ ಲೆಕ್ಕದಲ್ಲಿ ಇಂಥವರ ಸಂಖ್ಯೆ ಸೊನ್ನೆ.

ನೊಬೆಲ್ ಮತ್ತು ಜಗಳ

ಕಲ್ಕತ್ತದ ಶೋಧನೆಯನ್ನು ರಾಸ್ ಪರವಾಗಿ ಮ್ಯಾನ್ಸನ್ ಅವರು 1898ರ ಜುಲೈ ಕೊನೆಯಲ್ಲಿ ಎಡಿನ್‌ಬರೋ ವೈದ್ಯಕೀಯ ಸಭೆಯಲ್ಲಿ ಪ್ರಕಟಿಸಿದರು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಬತಿಸ್ತ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯರಿಗೆ ಮಲೇರಿಯಾ ತರುವುದು ಅನಾಫಿಲಿಸ್ ಸೊಳ್ಳೆ ಎಂದು ಸ್ಪಷ್ಟವಾಗಿ ತೋರಿಸಿದರು. ಮೊದಲು ಕಂಡುಹಿಡಿದವರು ಯಾರು ಎಂಬ ಜಗಳ ಶುರುವಾಯಿತು. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಬಂತು. ಆ ಗೌರವ ಪಡೆದ ಮೊದಲ ಬ್ರಿಟಿಷ್ ಪ್ರಜೆ ಅವರೇ. 1911ರಲ್ಲಿ ಸರ್ ಪದವಿಯೂ ದೊರೆಯಿತು.

ಗೆದ್ದ ಮೇಲೂ ರಾಸ್ ಅವರ ಮನಸ್ಸಿಗೆ ಶಾಂತಿ ಸಿಗಲಿಲ್ಲ. ಗ್ರಾಸ್ಸಿಯ ವಿರುದ್ಧ ದಶಕಗಳ ಕಾಲ ಬರೆದರು. ದಾರಿ ತೋರಿಸಿದ ಮ್ಯಾನ್ಸನ್ ಅವರೊಂದಿಗೂ ಸಂಬಂಧ ಕೆಟ್ಟಿತು. ತಮಗೆ ತಕ್ಕ ಪ್ರತಿಫಲ ಸಿಗಲಿಲ್ಲವೆಂಬ ಕೊರಗು ಕೊನೆಯವರೆಗೂ ಉಳಿಯಿತು. 1928ರಲ್ಲಿ ತಮ್ಮ ಕಾಗದಪತ್ರಗಳನ್ನು ಎರಡು ಸಾವಿರ ಪೌಂಡಿಗೆ ಮಾರಿದರು. ದೊಡ್ಡ ಕೆಲಸ ಮಾಡಿದವರೂ ಸಣ್ಣತನದಿಂದ ಪಾರಾಗಿರುವುದಿಲ್ಲ ಎಂಬುದಕ್ಕೆ ರಾಸ್ ಅವರ ಬದುಕೂ ಸಾಕ್ಷಿ.

ಯಾರೂ ಓದದ ಗಣಿತ

1899ರಲ್ಲಿ ಭಾರತ ಬಿಟ್ಟು ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಕೀಯ ಶಾಲೆ ಸೇರಿದ ರಾಸ್ ಅವರ ಮುಂದಿದ್ದ ಪ್ರಶ್ನೆ, ಸೊಳ್ಳೆಯನ್ನು ನಿಯಂತ್ರಿಸುವುದು ಹೇಗೆ ಎಂಬುದು. ಲಾಹೋರ್ ಬಳಿಯ ಮಿಯಾನ್ ಮೀರ್‌ನಲ್ಲಿ 1902ರಲ್ಲಿ ಆರಂಭವಾದ ಸರ್ಕಾರಿ ಪ್ರಯೋಗ ಫಲ ಕೊಡಲಿಲ್ಲ. ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಲು ಸಾಧ್ಯವಿಲ್ಲ, ಆದ್ದರಿಂದ ಈ ದಾರಿಯೇ ವ್ಯರ್ಥ ಎಂದು ಹಲವರು ತೀರ್ಮಾನಿಸಿದರು.

ರಾಸ್ ಇದಕ್ಕೆ ಗಣಿತದಿಂದ ಉತ್ತರಿಸಿದರು. 1908ರ ಮಾರಿಷಸ್ ವರದಿಯಲ್ಲಿ, 1910ರ ಮಲೇರಿಯಾ ತಡೆಗಟ್ಟುವಿಕೆಯ ಗ್ರಂಥದಲ್ಲಿ ಮತ್ತು ಮುಂದಿನ ಲೇಖನಗಳಲ್ಲಿ ಅವರು ಲೆಕ್ಕ ಮಾಡಿ ತೋರಿಸಿದ್ದು ಇದು: ಒಂದು ಊರಿನಲ್ಲಿ ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗಿಂತ ಕಡಿಮೆ ಜನರಿಗೆ ರೋಗ ಹರಡುವಂತಾದರೆ ಮಲೇರಿಯಾ ತಾನಾಗಿಯೇ ಕ್ಷೀಣಿಸುತ್ತದೆ. ಕೊನೆಯ ಸೊಳ್ಳೆಯವರೆಗೂ ಬೆನ್ನಟ್ಟಬೇಕಾಗಿಲ್ಲ. 1916 ಮತ್ತು 1917ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಎಲ್ಲ ಸಾಂಕ್ರಾಮಿಕ ರೋಗಗಳಿಗೂ ಅನ್ವಯಿಸಿ ಬರೆದರು. ಇದರ ಕೊನೆಯ ಭಾಗಗಳಲ್ಲಿ ಗಣಿತಜ್ಞೆ ಹಿಲ್ಡಾ ಹಡ್ಸನ್ ಸಹಲೇಖಕಿ.

ರಾಸ್ ಈ ಕೆಲಸವನ್ನು ಬಹಳ ದೊಡ್ಡದೆಂದು ಎಣಿಸಿದ್ದರು. ಆದರೆ ವೈದ್ಯರಿಗೆ ಗಣಿತ ಅರ್ಥವಾಗಲಿಲ್ಲ, ಗಣಿತಜ್ಞರಿಗೆ ಮಲೇರಿಯಾ ಬೇಕಿರಲಿಲ್ಲ. ಬೆರಳೆಣಿಕೆಯ ಜನರು ಮಾತ್ರ ಗಮನಿಸಿದರು. ಅವರಲ್ಲೊಬ್ಬರು ರಾಸ್ ಜೊತೆ ಆಫ್ರಿಕಾಕ್ಕೆ ಹೋಗಿದ್ದ ಮೆಕೆಂಡ್ರಿಕ್. ಅವರು ಕೆರ್ಮ್ಯಾಕ್ ಜೊತೆಗೂಡಿ 1927ರಲ್ಲಿ ಪ್ರಕಟಿಸಿದ ಸಿದ್ಧಾಂತ ಇಂದಿಗೂ ಸಾಂಕ್ರಾಮಿಕ ರೋಗಗಳ ಲೆಕ್ಕಕ್ಕೆ ತಳಪಾಯ. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರು ರಾಸ್ ಅವರ ಸಮೀಕರಣಗಳನ್ನು ಎತ್ತಿಕೊಂಡು ಬೆಳೆಸಿದರು. 2020ರಲ್ಲಿ ಕೊರೊನಾ ಬಂದಾಗ ಒಬ್ಬ ರೋಗಿಯಿಂದ ಎಷ್ಟು ಜನರಿಗೆ ಸೋಂಕು ಹರಡುತ್ತದೆ ಎಂಬ ಆರ್-ನಾಟ್ ಲೆಕ್ಕವನ್ನು ಟಿವಿಯಲ್ಲಿ ದಿನವೂ ಕೇಳಿದೆವು. ಅದರ ಬೇರು ರಾಸ್ ಅವರ ಈ ಬರಹಗಳಲ್ಲಿದೆ. ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ತಮ್ಮ ಗಣಿತ ಹೀಗೆ ಮರವಾಗಿ ಬೆಳೆದುದನ್ನು ಅವರು ಕಾಣಲಿಲ್ಲ.

ಲೆಕ್ಕ ಏನು ಹೇಳುತ್ತದೆ?

ಉಲ್ಲೇಖಗಳನ್ನು ಕ್ರಮವಾಗಿ ಎಣಿಸುವ ಪದ್ಧತಿಯನ್ನು ಅಮೆರಿಕದ ಯೂಜಿನ್ ಗಾರ್ಫೀಲ್ಡ್ ಅವರು 1960ರ ದಶಕದಲ್ಲಿ ಆರಂಭಿಸಿದರು. ಆ ಹೊತ್ತಿಗೆ ರಾಸ್ ತೀರಿಕೊಂಡು 30 ವರ್ಷ ಕಳೆದಿತ್ತು. ಒಂದು ವೇಳೆ 1920ರಲ್ಲಿ ಯಾರಾದರೂ ಹೀಗೆ ಎಣಿಸಿದ್ದರೆ ಅವರ ಗಣಿತದ ಲೇಖನಗಳು ನಿಷ್ಪ್ರಯೋಜಕ ಎಂಬ ತೀರ್ಮಾನಕ್ಕೆ ಬರುತ್ತಿದ್ದರು.

1897ರ ಲೇಖನದ ಸ್ಥಿತಿ ಇದಕ್ಕೆ ವಿರುದ್ಧ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಬರೆಯುವವರು ಈಗ ರಾಸ್ ಅವರ ಲೇಖನವನ್ನು ಉಲ್ಲೇಖಿಸಬೇಕಾಗಿಲ್ಲ. ಅದು ಮೂರನೇ ತರಗತಿಯ ಮಗುವಿಗೂ ತಿಳಿದ ಸತ್ಯ. ಒಂದು ಶೋಧನೆ ಎಲ್ಲರ ಸ್ವತ್ತಾದಾಗ ಅದರ ಕೆಳಗೆ ಹೆಸರು ಬರೆಯುವುದು ನಿಂತುಹೋಗುತ್ತದೆ. ಉಪ್ಪು ನೀರಿನಲ್ಲಿ ಕರಗಿದ ಹಾಗೆ ರುಚಿ ಉಳಿಯುತ್ತದೆ, ಹರಳು ಕಾಣುವುದಿಲ್ಲ. ಹಾಗೆಂದು ಉಲ್ಲೇಖಗಳ ಲೆಕ್ಕವೇ ಬೇಡವೆಂದಲ್ಲ. ಯಾವ ಕೆಲಸ ಇತರರಿಗೆ ಉಪಯೋಗಕ್ಕೆ ಬಂದಿದೆ ಎಂದು ತಿಳಿಯಲು ಅದೊಂದು ದಾರಿ. ಆದರೆ ಅದನ್ನೇ ಗುರಿ ಮಾಡಿಕೊಂಡರೆ ಬಿರುಕು ಬಿಟ್ಟ ಗಾಜಿನ ಹಿಂದೆ ಎರಡು ವರ್ಷ ಏನೂ ಕಾಣದೆ ಕುಳಿತಿರುವ ತಾಳ್ಮೆ ಯಾರಿಗೂ ಉಳಿಯದು.

ಕೊಪ್ಪಳದ ಕಾಲುವೆ, ಕರಾವಳಿಯ ಕಟ್ಟಡ

ರಾಸ್ ಅವರ ನಿಜವಾದ ಉಲ್ಲೇಖ ಇರಬೇಕಾದುದು ನಮ್ಮ ಊರುಗಳಲ್ಲಿ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳವನ್ನು ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಹರಿಸತೊಡಗಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ ಮತ್ತು ಯಲಬುರ್ಗಾದ ಬಹುಭಾಗ ಮಳೆ ನಂಬಿದ ಒಣಭೂಮಿಯಾಗಿಯೇ ಉಳಿಯಿತು. ಕಾಲುವೆಯ ಬದಿಯಲ್ಲಿ ನಿಂತ ನೀರಿನಲ್ಲಿ ಒಂದು ಜಾತಿಯ ಅನಾಫಿಲಿಸ್ ಬೆಳೆಯುತ್ತದೆ. ನೀರಿಗೆ ಬರ ಇರುವ ಕಡೆ ಡ್ರಮ್ಮು, ತೊಟ್ಟಿಗಳಲ್ಲಿ ದಿನಗಟ್ಟಲೆ ಕೂಡಿಟ್ಟ ನೀರು ಬೇರೆ ಸೊಳ್ಳೆಗಳಿಗೆ ಮನೆಯಾಗುತ್ತದೆ. ನೀರು ಹೆಚ್ಚಿದ್ದರೂ ಅಪಾಯ, ಕಡಿಮೆಯಿದ್ದರೂ ಅಪಾಯ. ಬೆಂಗಳೂರಿನ ಆ ಪೀಪಾಯಿಯ ಪಾಠ ಎರಡು ಕಡೆಗೂ ಸಲ್ಲುತ್ತದೆ.

ಮಳೆ ಕೈಕೊಟ್ಟಾಗ ಈ ತಾಲೂಕುಗಳ ಕುಟುಂಬಗಳು ದುಡಿಮೆ ಹುಡುಕಿ ಘಟ್ಟ ಇಳಿದು ಮಂಗಳೂರು, ಉಡುಪಿಗೆ ಬರುತ್ತವೆ. ನಮ್ಮ ಮನೆಗಳು, ಬಹುಮಹಡಿ ಕಟ್ಟಡಗಳು ಏಳುವುದು ಅವರ ಕೈಗಳಿಂದ. 1990ರ ನಂತರ ಮಂಗಳೂರಿನಲ್ಲಿ ಮಲೇರಿಯಾ ಮತ್ತೆ ಹೆಚ್ಚಾದಾಗ, ಘಟ್ಟದ ಮೇಲಿನವರು ರೋಗ ತಂದರು ಎಂಬ ಮಾತು ನಮ್ಮ ನಡುವೆ ಸಲೀಸಾಗಿ ಹರಡಿತು. ಆದರೆ ರಾಸ್ ಹಾಕಿಕೊಟ್ಟ ಸುತ್ತನ್ನು ನೆನಪಿಸಿಕೊಳ್ಳಿ. ಮನುಷ್ಯನಿಂದ ಮನುಷ್ಯನಿಗೆ ಮಲೇರಿಯಾ ನೇರವಾಗಿ ಅಂಟುವುದಿಲ್ಲ, ನಡುವೆ ಸೊಳ್ಳೆ ಬೇಕು. ಆ ಸೊಳ್ಳೆ ಹುಟ್ಟುವುದು ಕಾಂಕ್ರೀಟಿಗೆ ನಿಲ್ಲಿಸಿದ ನೀರಿನಲ್ಲಿ, ಲಿಫ್ಟಿನ ಗುಂಡಿಯಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ. ಅವು ನಮ್ಮವು. ಅದೇ ಕಟ್ಟಡದ ಕೆಳಗೆ ಪರದೆಯಿಲ್ಲದೆ ಮಲಗುವ ಕೂಲಿಯವರು ಮೊದಲು ಕಚ್ಚಿಸಿಕೊಳ್ಳುತ್ತಾರೆ. ಎಷ್ಟೋ ಬಾರಿ ರೋಗ ತಂದವರಲ್ಲ, ಪಡೆದವರು ಅವರು.

ಇನ್ನೊಂದು ವಿಷಯ. ನಮ್ಮಲ್ಲಿ ಸಾಮಾನ್ಯವಾದ ವೈವಾಕ್ಸ್ ಮಲೇರಿಯಾ ಪೂರ್ತಿ ಗುಣವಾಗಲು ಪ್ರೈಮಾಕ್ವಿನ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ 14 ದಿನ ತೆಗೆದುಕೊಳ್ಳಬೇಕು. ಜ್ವರ ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ದಿನಗೂಲಿ ತಪ್ಪುತ್ತದೆಂದು ಕಾರ್ಮಿಕ ಕೆಲಸಕ್ಕೆ ಮರಳುತ್ತಾನೆ, ಮಾತ್ರೆ ನಿಂತುಹೋಗುತ್ತದೆ. ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರ ಎದ್ದಾಗ ಆತ ಕುಷ್ಟಗಿಯ ಹಳ್ಳಿಯಲ್ಲಿರುತ್ತಾನೆ. ಅಲ್ಲಿನ ಸೊಳ್ಳೆ ಅವನನ್ನು ಕಚ್ಚುತ್ತದೆ. ಹೀಗೆ ಕರಾವಳಿಯ ರೋಗ ಕೊಪ್ಪಳದ ಮನೆ ಸೇರಬಹುದು. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಆ ಊರುಗಳೂ ನಮ್ಮ ಧರ್ಮಪ್ರಾಂತ್ಯಗಳೂ ಈ ವಿಷಯದಲ್ಲಿ ಒಂದೇ ಮನೆ.

ಸರ್ಕಾರ, ಸ್ಥಳೀಯ ಸಂಸ್ಥೆಗಳು ಮತ್ತು ಆಸ್ಪತ್ರೆಗಳ ಶ್ರಮದಿಂದ ಇತ್ತೀಚಿನ ವರ್ಷಗಳಲ್ಲಿ ಕರಾವಳಿಯಲ್ಲಿ ಮಲೇರಿಯಾ ಬಹಳ ಇಳಿದಿದೆ. ರಾಸ್ ಹೇಳಿದ ಆ ಮಿತಿಯ ಕೆಳಗೆ ಅದನ್ನು ಉಳಿಸಿಕೊಳ್ಳುವುದು ಮುಂದಿನ ಕೆಲಸ. ನಮ್ಮ ವಾಳೆಗಳು, ಯುವ ಸಂಘಟನೆಗಳು, ಮನೆ ಕಟ್ಟಿಸುತ್ತಿರುವ ಕುಟುಂಬಗಳು ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಿದರೆ, ಟ್ಯಾಂಕಿಗೆ ಮುಚ್ಚಳ ಹಾಕಿಸಿದರೆ, ಕೆಲಸಕ್ಕೆ ಬಂದವರಿಗೆ ಸೊಳ್ಳೆ ಪರದೆ ಕೊಟ್ಟು, ಜ್ವರ ಬಂದಾಗ ಕೂಲಿ ಕಡಿಯದೆ 14 ದಿನದ ಮಾತ್ರೆ ಮುಗಿಸುವಂತೆ ನೋಡಿಕೊಂಡರೆ ಅದು ಸಾಧ್ಯ. ದಾರಿಯಲ್ಲಿ ಬಿದ್ದಿದ್ದ ಪರವೂರಿನವನ ಗಾಯ ಕಟ್ಟಿ, ಛತ್ರದ ಖರ್ಚನ್ನೂ ಕೊಟ್ಟ ಸಮಾರಿಯದವನ ಸಾಮತಿಯನ್ನು ಪ್ರಭು ಯೇಸು ನಮಗೆ ಹೇಳಿಕೊಟ್ಟಿದ್ದಾರೆ. ನಮ್ಮ ಮನೆಯ ಗೋಡೆ ಕಟ್ಟುತ್ತಿರುವ ಕೊಪ್ಪಳದ ಅಣ್ಣನಿಗೆ ನಾವು ಸಲ್ಲಿಸಬೇಕಾದ ಸೇವೆಯೂ ಇದೇ.